ಪೋಳಾ ಬಣ್ಣದ ಕೆಳಗಿನ ನಂಬರು

ನನ್ನ ತವರು ಭಾಲ್ಕಿ ಕಡೆ, ಗಂಡನ ಮನೆ ಉಮರಗಾ ತಾಲ್ಲೂಕಿನ ಗುಂಜೋಟಿ. ನಡುವೆ ಎರಡು ರಾಜ್ಯಗಳ ಗಡಿ ಇದೆ ಎಂಬುದು ಮದುವೆಯಾಗಿ ಎಷ್ಟೋ ವರ್ಷ ನನಗೆ ಬಸ್ಸಿನ ಬಣ್ಣ ಬದಲಾದಾಗ ಮಾತ್ರ ನೆನಪಾಗುತ್ತಿತ್ತು. ಈ ಕಡೆಯ ಹೆಣ್ಣು ಆ ಕಡೆಗೆ, ಆ ಕಡೆಯ ಹೆಣ್ಣು ಈ ಕಡೆಗೆ. ನಮ್ಮ ಬೀಗತನಕ್ಕೆ ಆ ಗಡಿ ಒಮ್ಮೆಯೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ನಮ್ಮ ಜೀಪಿಗೆ.

ಆ ವರ್ಷ ನಮ್ಮ ಭಾಗದಲ್ಲಿ ಆದ ಭೂಕಂಪದಲ್ಲಿ ಕೊಟ್ಟಿಗೆಯ ಗೋಡೆ ಕುಸಿದು ನಮ್ಮ ಜೋಡಿ ಎತ್ತು ಸತ್ತವು. ಮನೆಯ ಜನ ಉಳಿದೆವು, ಅದೇ ದೊಡ್ಡದು. ಆಮೇಲೆ ತಗಡಿನ ಶೆಡ್ಡಿನಲ್ಲಿ ದಿನ ನೂಕಿದೆವು. ನಮ್ಮ ಮನೆಯವರು ಬೇರೆಯವರ ಹೊಲಕ್ಕೆ ಕೂಲಿ ಹೋಗುವುದನ್ನು ನೋಡಲಾಗದೆ ನನ್ನಣ್ಣ ತನ್ನ ಹಳೆಯ ಜೀಪನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಹೆಂಡತಿಯ ಮನೆಯ ವಸ್ತುವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಇವರಿಗೆ ನಾಚಿಕೆ. ಕೊನೆಗೆ ಅದು ನನ್ನ ಹೆಸರಿಗೆ, ನನ್ನ ತವರಿನ ವಿಳಾಸಕ್ಕೇ ಆಯಿತು. ಅಂದಿನಿಂದ ಹಾಲಿನ ಕ್ಯಾನು, ಟೊಮೆಟೊ ಬುಟ್ಟಿ, ಈರುಳ್ಳಿ ಚೀಲ ಹೊತ್ತು ಜೀಪು ಉಮರಗಾ, ಲೋಹಾರಾ, ನಿಲಂಗಾ ಎಂದು ಓಡಾಡಿತು. ಮನೆಯಲ್ಲಿ ಒಲೆ ಉರಿದದ್ದು ಅದರಿಂದಲೇ.

ನಮ್ಮ ಮಾವ ಮತ್ತೆ ಎತ್ತು ಕಟ್ಟಲಿಲ್ಲ. ಆದರೆ ಹಬ್ಬ ಬಿಡುವ ಮನುಷ್ಯನೂ ಅಲ್ಲ. ಊರಿನ ಎತ್ತುಗಳೆಲ್ಲ ಮೈ ತೊಳೆದುಕೊಂಡು, ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ಪೋಳಾ ಹಬ್ಬಕ್ಕೆ ಹೊರಟಾಗ ಮಾವ ಜೀಪಿನ ಮುಂದೆ ಕುಳಿತುಬಿಡುತ್ತಿದ್ದರು. ಬಂಪರಿನ ಹಿಂದೆ ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಎರಡು ಕಬ್ಬಿಣದ ತುದಿಗಳು ಮುಂದಕ್ಕೆ ಚಾಚಿರುತ್ತವಲ್ಲ, ಅವೇ ಅವರಿಗೆ ಕೊಂಬು. ಒಂದು ವರ್ಷ ಕೆಂಪು ಬಣ್ಣ, ಇನ್ನೊಂದು ವರ್ಷ ಹಸಿರು. ಬಾನೆಟ್ಟಿನ ಮೇಲೆ ಹೋಳಿಗೆಯ ಎಡೆ. ನಮ್ಮತ್ತೆಯೂ ನನ್ನ ಹಾಗೆ ಗಡಿಯಾಚೆ ಕನ್ನಡದ ಕಡೆಯವರು. ಅವರ ಲೆಕ್ಕದಲ್ಲಿ ಎತ್ತಿನ ಹಬ್ಬವೆಂದರೆ ಕಾರಹುಣ್ಣಿಮೆ. ಹೀಗಾಗಿ ನಮ್ಮ ಜೀಪಿಗೆ ಎರಡೂ ಹಬ್ಬ, ಎರಡೂ ಸಲ ಬಣ್ಣ. "ಎತ್ತಿಗಾದ್ರ ಒಂದs ಪೋಳಾ, ಇದಕ್ಕ ಎರಡು," ಎಂದು ಊರವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ಬೇಸಿಗೆ ನಿಲಂಗಾದ ಮಾರ್ಕೆಟ್ಟಿನ ಹತ್ತಿರ ಸಾರಿಗೆ ಇಲಾಖೆಯವರು ಜೀಪು ಹಿಡಿದರು. "ಹೀ ಗಾಡಿ ಪರರಾಜ್ಯಾಚೀ ಆಹೇ," ಎಂದರಂತೆ. ಬೇರೆ ರಾಜ್ಯದ ಗಾಡಿ ವರ್ಷದ ಮೇಲೆ ಇಲ್ಲಿ ಓಡುವ ಹಾಗಿಲ್ಲ, ಇಲ್ಲಿನ ತೆರಿಗೆ ಕಟ್ಟಿ ಇಲ್ಲಿನ ನಂಬರು ಪಡೆಯಬೇಕು. ಅದಕ್ಕೆ ಮೊದಲು ಗಾಡಿ ಮೊದಲ ನಂಬರು ಪಡೆದ ಕಡೆಯ ಕಚೇರಿಯಿಂದ ನಮ್ಮ ತಕರಾರಿಲ್ಲ ಎಂಬ ಎನ್‌ಒಸಿ ತರಬೇಕು. ತಿಂಗಳೊಳಗೆ ತರದಿದ್ದರೆ ಜೀಪು ಜಪ್ತಿಯಾಗಿ ಅವರ ಅಂಗಳಕ್ಕೆ ಹೋಗುತ್ತದೆ. ನಾನು ಗಂಡನ ಮನೆಗೆ ಬಂದಾಗ ನನಗೆ ಯಾರೂ ಎನ್‌ಒಸಿ ಕೇಳಿರಲಿಲ್ಲ ಎಂದು ಸಿಟ್ಟಿನಲ್ಲಿ ಅಂದೆ. ಯಾರೂ ನಗಲಿಲ್ಲ.

ಜೀಪು ಹೋದರೆ ಇವರು ಪುಣೆಗೆ ಹೋಗಿ ಬೇರೆಯವರ ಟೆಂಪೊ ಓಡಿಸಬೇಕು, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇವರು ಮಾತ್ರ ಹುರುಪಿನಲ್ಲಿದ್ದಂತೆ ಕಂಡರು. "ಪುಣಾ ಅಂದ್ರ ಏನ್ ತಿಳ್ಕೊಂಡಿ? ರಸ್ತಾ ಹ್ಯಾಂಗ ಅವ ಅಲ್ಲಿ! ದೀಪಾಳಿಗಿ ಬರ್ತೀನಿ, ನಿನಗ ಸೀರಿ ತರ್ತೀನಿ," ಎನ್ನುತ್ತಿದ್ದರು. ನನ್ನನ್ನು ಬಿಟ್ಟು ಹೋಗಲು ಇಷ್ಟು ಉತ್ಸಾಹವೇ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಎರಡು ದಿನ ಮಾತು ಬಿಟ್ಟೆ.

ಮಾಲೀಕಳು ನಾನಾದ್ದರಿಂದ ಸಹಿಗೆ ನಾನೂ ಬೀದರಿನ ಸಾರಿಗೆ ಕಚೇರಿಗೆ ಹೊರಡಬೇಕಾಯಿತು. ಕರೆಯದಿದ್ದರೂ ಮಾವ ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಮೊದಲು ಹೊಗೆ ಪರೀಕ್ಷೆ. ಪೈಪು ಹಾಕಿದ ಹುಡುಗ ಕೆಮ್ಮಿದ, ಆದರೂ ಸರ್ಟಿಫಿಕೇಟು ಬಂತು. ತೆರಿಗೆ, ವಿಮೆ, ಎಲ್ಲ ಸರಿಯಾಯಿತು. ಕಡೆಗೆ ಇನ್‌ಸ್ಪೆಕ್ಟರ್ ಹೊರಗೆ ಬಂದರು, ಸಣ್ಣ ವಯಸ್ಸಿನವರು. ಚಾಸಿಯ ಮೇಲೆ ಕೊರೆದ ನಂಬರಿಗೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದಷ್ಟೇ ಬಾಕಿ.

ಅವರು ಬಗ್ಗಿದರು. ಕೈಯಾಡಿಸಿದರು. ಮತ್ತೆ ಬಗ್ಗಿದರು.

"ನಂಬರ್ ಎಲ್ಲದರಿ?"

ನಮ್ಮ ಮನೆಯವರು ಬಲಗಡೆಯ ತುದಿ ತೋರಿಸಿದರು. ಅಲ್ಲಿ ದಪ್ಪ ಬಣ್ಣ. ಮೇಲೆ ಕೆಂಪು, ಚಕ್ಕೆ ಎದ್ದ ಕಡೆ ಹಸಿರು, ಅದರ ಕೆಳಗೆ ಮತ್ತೆ ಕೆಂಪು. ನಂಬರಿನ ಗುರುತೇ ಇಲ್ಲ.

"ಯಾರ ಬಡದಾರ ಈ ಬಣ್ಣ? ನಂಬರ್ ಮುಚ್ಚಿದ ಗಾಡಿ ಅಂದ್ರ ಕಳವಿನ ಗಾಡಿ ಅಂತ ಹಿಡೀಬೇಕಾಗ್ತದ, ಗೊತ್ತದ ಏನು?"

ನಾನು ಮಾವನ ಕಡೆ ತಿರುಗಿದೆ. ಸುಳ್ಳೇಕೆ, ಆ ಗಳಿಗೆಯಲ್ಲಿ ಆ ಹಿರಿಯ ಮನುಷ್ಯನ ಮೇಲೆ ಬೆಂಕಿಯಂಥ ಸಿಟ್ಟು ಬಂದಿತ್ತು. ಮಾವ ಪೇಟ ತೆಗೆದು ಕೈಯಲ್ಲಿ ಹಿಡಿದು ಮುಂದೆ ಬಂದರು.

"ನಾನs ಹಚ್ಚೀನ್ರಿ ಸಾಹೇಬ್ರ. ಎತ್ತು ಹೋದ್ವು. ಪೋಳಾ ದಿನ ಮನ್ಯಾಗ ಏನೂ ಇಲ್ಲಂದ್ರ ಹ್ಯಾಂಗ್ರಿ? ಇದೂ ನಮಗ ದುಡದು ಹಾಕ್ತದ ಅಂತ ಕೊಂಬಿಗಿ ಹಚ್ಚಿದ್ಹಾಂಗ ಹಚ್ಚೀನಿ. ಅಲ್ಲಿ ನಂಬರ್ ಇರ್ತದ ಅಂತ ನನಗೇನ್ ಗೊತ್ರಿ?"

ಇನ್‌ಸ್ಪೆಕ್ಟರ್ ಅವರನ್ನೇ ನೋಡುತ್ತ ನಿಂತರು. ನಗಬೇಕೋ ಬೈಯಬೇಕೋ ತಿಳಿಯದೆ ಇರುವ ಮುಖ. "ನಿಮ್ಮ ಮಾತು ಖರೆ ಇರಬಹುದು ಅಜ್ಜಾ. ಆದ್ರ ಕಾಗದಕ್ಕ ನಂಬರ್ ಬೇಕು. ಕಚೇರಿ ಮುಚ್ಚೂದ್ರಾಗ ತೋರಸ್ರಿ. ಇಲ್ಲಾಂದ್ರ ಗಾಡಿ ಇಲ್ಲೇ ನಿಲ್ತದ. ಮತ್ತ ಕೆರೀಲಿಕ್ಕ ಹೋಗಬ್ಯಾಡ್ರಿ, ಅಂಕಿ ಮ್ಯಾಲ ಗೀರು ಬಿದ್ರ ನಂಬರ್ ತಿದ್ದ್ಯಾರ ಅಂತಾರ," ಎಂದು ಒಳಗೆ ಹೋದರು.

ಅಷ್ಟರಲ್ಲಿ ಸ್ಕ್ರೂ ಡ್ರೈವರ್ ಹಿಡಿದಿದ್ದ ಇವರು ಅದನ್ನು ಮೆಲ್ಲಗೆ ಕೆಳಗಿಟ್ಟರು. ನಾನು ಎದುರಿನ ಬಣ್ಣದ ಅಂಗಡಿಗೆ ಓಡಿ ಬಣ್ಣ ಕರಗಿಸುವ ಥಿನ್ನರ್ ಬಾಟಲಿ ತಂದೆ. ಅರಿವೆ ಬೇಕಿತ್ತು. ಮಾವ ತಮ್ಮ ಪೇಟದ ತುದಿಯನ್ನೇ ಹರಿದರು. ಇವರು ಕೈ ಚಾಚಿದರೆ ಕೊಡಲಿಲ್ಲ. "ಬ್ಯಾಡ. ನಾ ಹಚ್ಚಿದ್ದು ನಾನs ತೆಗೀತೀನಿ," ಎಂದು ನೆಲಕ್ಕೆ ಕುಳಿತು ಥಿನ್ನರಿನಲ್ಲಿ ಅದ್ದಿದ ಅರಿವೆಯನ್ನು ಕಬ್ಬಿಣಕ್ಕೆ ಸುತ್ತಿದರು.

ಬಣ್ಣ ನೆನೆಯಿತು. ಒರೆಸಿದರೆ ಕೆಂಪು ಬಂತು. ಮತ್ತೆ ಸುತ್ತಿ ಒರೆಸಿದರೆ ಹಸಿರು, ಹಳದಿ. ಒಂದೊಂದು ಪದರವೂ ಒಂದೊಂದು ಹಬ್ಬ. ಹಳದಿ ಬಂದಾಗ ಮಾವ, "ಇದು ಕೂಸು ಹುಟ್ಟಿದ ವರ್ಷದ್ದು," ಎಂದರು. ನನ್ನ ಮಗಳು ಹುಟ್ಟಿದ ವರ್ಷ. ನನ್ನ ಸಿಟ್ಟು ಎಲ್ಲಿ ಇಳಿಯಿತೋ ತಿಳಿಯಲಿಲ್ಲ, ನಾನೂ ಪಕ್ಕದಲ್ಲಿ ಕುಳಿತು ಥಿನ್ನರ್ ಹಾಕತೊಡಗಿದೆ. ವಾಸನೆಗೆ ಮೂವರ ಕಣ್ಣಲ್ಲೂ ನೀರು.

ಕಡೆಗೆ ಬರಿ ಕಬ್ಬಿಣ ಕಂಡಿತು. ಅದರಲ್ಲಿ ಮಸುಕಾಗಿ ಒಂದು ಅಂಕಿ, ಅದರ ಪಕ್ಕ ಇನ್ನೊಂದು. ಮಾವನಿಗೆ ಓದು ಬಾರದು. "ಬಂತೇನ ಯವ್ವಾ? ಅದs ಅದ ಏನು?" ಎಂದು ಒರೆಸಿದಷ್ಟು ಸಲವೂ ಕೇಳಿದರು. ನಾನು ಒಂದೊಂದೇ ಓದಿದೆ, ಇವರು ಆರ್‌ಸಿ ಪುಸ್ತಕದ ನಂಬರಿಗೆ ತಾಳೆ ನೋಡಿ ಹೂಂ, ಹೂಂ ಅನ್ನುತ್ತ ಹೋದರು. ಕೊನೆಯ ಅಂಕಿ ಬಹಳ ಕಾಡಿತು. ಅದಕ್ಕೂ ಹೂಂ ಬಂದಾಗ ನಾನು ಎದ್ದು ಸಾಹೇಬರನ್ನು ಕರೆಯಲು ಒಳಗೆ ಓಡಿದೆ.

ಇನ್‌ಸ್ಪೆಕ್ಟರ್ ಮತ್ತೆ ಬಂದು ಪೆನ್ಸಿಲ್ ಉಜ್ಜಿದರು. ಅಚ್ಚು ಸ್ಪಷ್ಟವಾಗಿ ಬಿತ್ತು. "ಮುಂದಿನ ಪೋಳಾಕ್ಕ ಎಡಗಡೆ ಅಷ್ಟ ಹಚ್ರಿ ಅಜ್ಜಾ," ಎಂದರು. ಮಾವ ತಲೆಯಾಡಿಸಿದರೇ ಹೊರತು ನಗಲಿಲ್ಲ. ಸಂಜೆಯ ಹೊತ್ತಿಗೆ ಎನ್‌ಒಸಿ ನನ್ನ ಕೈಗೆ ಬಂತು.

ವಾಪಸು ಬರುವಾಗ ಗಡಿಯ ಚೆಕ್‌ಪೋಸ್ಟಿನವರು ಚಹಾ ಕುಡಿಯುತ್ತಿದ್ದರು. ನಮ್ಮ ಕಡೆ ನೋಡದೆ ಹೋಗಿ ಎಂದು ಕೈ ಬೀಸಿದರು. ನಮ್ಮ ಮನೆಯವರು ಹೋಗಲಿಲ್ಲ. ಜೀಪು ನಿಲ್ಲಿಸಿ, ಕಾಗದವೆಲ್ಲ ಹಿಡಿದು ಅವರ ಮುಂದೆ ನಿಂತರು.

"ನೋಡ್ರಿ ಸಾಹೇಬ್ರ, ಎಲ್ಲಾ ಅದ. ಎನ್‌ಒಸಿ ಸೈತ ಅದ."

"ಆಯ್ತು ಹೋಗ್ರಿ, ಯಾರ ಕೇಳ್ಯಾರ ನಿಮಗ?"

ಬೆಪ್ಪಾಗಿ ಮರಳಿ ಬಂದರು. ನನಗೆ ನಗು ತಡೆಯಲಾಗಲಿಲ್ಲ. ಇವರು ಗಾಡಿ ಹತ್ತಿ ಸ್ವಲ್ಪ ದೂರ ಓಡಿಸಿ, ರಸ್ತೆ ಬದಿಗೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟರು. ನಗುತ್ತಿದ್ದಾರೆ ಅಂದುಕೊಂಡೆ. ಭುಜ ಹಿಡಿದು ನೋಡಿದರೆ ಅಳುತ್ತಿದ್ದರು. ಗೋಡೆ ಬಿದ್ದ ದಿನವೂ ಅತ್ತವರಲ್ಲ. ಹಿಂದೆ ಕುಳಿತಿದ್ದ ಮಾವ ಹೊರಗಿನ ಹೊಲದ ಕಡೆ ಮುಖ ತಿರುಗಿಸಿದರು.

"ನನಗ ಪುಣಾಕ್ಕ ಹೋಗೂದು ಬ್ಯಾಡಾಗಿತ್ತs," ಎಂದರು ಇವರು.

"ಮತ್ತ ದಿನಾ ಅಷ್ಟ ಹಾರಾಡ್ತಿದ್ರಿ?"

"ನೀ ಅಳಬಾರ್ದು ಅಂತ."