ಗಾಜು ಒಯ್ದವಳು ನಾನು

ಹುಸೇನಸಾಬರೇ, ಆ ಆರು ಗಾಜುಗಳನ್ನು ಅಟ್ಟದಿಂದ ಇಳಿಸಿದವಳು ನಾನು. ಕಳ್ಳನೆಂಬ ಹೆಸರು ಹೊತ್ತವರು ನೀವು. ಹನ್ನೆರಡು ವರ್ಷ ನಾನು ಬಾಯಿ ಬಿಡಲಿಲ್ಲ.

ಗಾಜು ಒಯ್ದದ್ದಕ್ಕೆ ಅಳುವವಳಲ್ಲ ನಾನು — ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹದಿನೇಳಕ್ಕೆ ಗಂಡ ತೀರಿಕೊಂಡ. ತಲೆ ಬೋಳಿಸಿ, ಬಾದಾಮಿಯಲ್ಲಿ ಶಾಸ್ತ್ರಿಯಾಗಿದ್ದ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಕೂಡಿಸಿದರು. ಆ ಮನೆಯ ಹಿತ್ತಲ ಗೋಡೆ ಕಟ್ಟಲು ನೀವು ಬಂದಿರಿ. ದಕ್ಷಿಣಕ್ಕೆ ಮುಖಮಾಡಿದ ಕೆಂಪುಕಲ್ಲಿನ ಗೋಡೆ. ಮಾರ್ಗಶಿರದ ಒಂದು ಸಂಜೆ ಅದಕ್ಕೆ ಅಂಗೈ ಹಚ್ಚಿ ನಿಂತಿದ್ದೆ. ಹೊತ್ತು ಮುಳುಗಿದರೂ ಬಿಸಿ ಆರಿರಲಿಲ್ಲ.

"ಅಕ್ಕಾರ, ಕಲ್ಲು ಹಗಲೆಲ್ಲಾ ಬಿಸಲ ಕುಡಿತೈತ್ರಿ," ಎಂದಿರಿ. "ಆಮ್ಯಾಲ ಸಾವಕಾಶ ಬಿಡತೈತಿ. ಮುಂದ ಗಾಜು ಹಚ್ಚಿದ್ರ ಬಿಸಿ ಹೊರಗ ಹೋಗಂಗಿಲ್ಲ."

ಅಣ್ಣ ಮಹಡಿಯ ಕಿಟಕಿಗೆಂದು ಬಾಗಲಕೋಟೆಯಿಂದ ತರಿಸಿ ಅಟ್ಟದಲ್ಲಿಟ್ಟಿದ್ದ ಗಾಜು ನನಗೆ ನೆನಪಾಯಿತು. ಮರುದಿನ ಆರನ್ನು ಇಳಿಸಿ ನಿಮ್ಮ ಮುಂದಿಟ್ಟೆ.

"ರಾಯರು ಹೂಂ ಅಂದಾರೇನ್ರಿ?" ಎಂದು ಕೇಳಿದಿರಿ.

"ಹೂಂ ಅಂದಾನ," ಎಂದೆ. ಸುಳ್ಳು.

ಕೊಟ್ಟಿಗೆಯ ಹಿಂದೆ, ಯಾರೂ ಸುಳಿಯದ ಮೂಲೆಯಲ್ಲಿ, ಗೋಡೆಗೆ ಒರಗಿಸಿ ಗಾಜಿನ ಗೂಡು ಕಟ್ಟಿಕೊಟ್ಟಿರಿ. ಮಸಿ ಬಳಿದ ಗಡಿಗೆಗಳಲ್ಲಿ ನೀರು ತುಂಬಿ ಒಳಗಿಟ್ಟೆ — ಹಗಲಿನ ಬಿಸಿ ಬೆಳಗಿನವರೆಗೆ ಉಳಿಯಲೆಂದು. ನಡುವೆ, ಚಳಿಗೆ ಹೂ ಬಿಡದ ನನ್ನ ಮಲ್ಲಿಗೆ ಬಳ್ಳಿ. ಹೂ ಮುಟ್ಟಬಾರದವಳ ಬಳ್ಳಿ.

ತಿಂಗಳೊಳಗೆ ಅಣ್ಣ ಅಟ್ಟ ಹತ್ತಿದ. ಅಂಗಳದಲ್ಲಿ ಹತ್ತು ಜನರೆದುರು ನಿಮ್ಮನ್ನು ನಿಲ್ಲಿಸಿದ.

"ಹೊರಗಿನವ ನೀ ಒಬ್ಬನ ಇದ್ದಿ. ಗಾಜು ಎಲ್ಲಿಟ್ಟಿ?"

ಕೊಟ್ಟಿಗೆಯ ಹಿಂದೆ ನೋಡಿ ಎಂದಿದ್ದರೆ ಸಾಕಿತ್ತು. ನೀವು ಬಾಗಿಲಲ್ಲಿ ನಿಂತ ನನ್ನನ್ನು ಒಮ್ಮೆ ನೋಡಿದಿರಿ.

"ನಾ ಒಯ್ದಿಲ್ರಿ ರಾಯರ," ಎಂದಷ್ಟೇ ಹೇಳಿ ಉಳಿ, ಸುತ್ತಿಗೆ ಎತ್ತಿಕೊಂಡು ನಡೆದಿರಿ. ನಾನು — ನಾನು ಸೆರಗು ಬಾಯಿಗೊತ್ತಿ ನಿಂತೆ. ಆಮೇಲೆ ಊರಲ್ಲಿ ಯಾರೂ ನಿಮಗೆ ಕೆಲಸ ಕೊಡಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುಡೂರಿಗೆ ಹೋದಿರೆಂದು ಕೇಳಿದೆ.

ಪುಷ್ಯದ ಚಳಿಯಲ್ಲಿ ಮಲ್ಲಿಗೆ ಬಿರಿಯಿತು. ಬೋಳುತಲೆಯ ಮೇಲೆ, ಸೆರಗಿನೊಳಗೆ ಇಟ್ಟುಕೊಂಡೆ. ಶಾಸ್ತ್ರ ಏನಾದರೂ ಹೇಳಲಿ, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಆದರೆ ನಿಮ್ಮ ಅನ್ನ ಕಸಿದು ಮುಡಿದ ಹೂವದು. ಅದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ.

ನಿನ್ನೆ ಅಣ್ಣನಿಗೆ ಎಲ್ಲ ಹೇಳಿದೆ. "ಈ ಮಾತು ಹೊಸ್ತಿಲ ದಾಟಿದ್ರ ನಿನಗ ಈ ಮನಿ ಇಲ್ಲ," ಎಂದ.

"ಹಂಗಾರ ಇಲ್ಲ," ಎಂದೆ.

ಇಂದು ಸಂತೆಯಲ್ಲಿ, ನಿಮಗೆ ಕೆಲಸ ಕೊಡದವರ ಮುಂದೆಯೇ, ಕಳ್ಳಿ ನಾನೆಂದು ಹೇಳಿ ಬಂದೆ. ನಿಮ್ಮೆದುರು ನಿಂತು ಇದನ್ನೇ ಹೇಳಲು ನಾಳೆ ಗುಡೂರಿನ ಬಂಡಿ ಹತ್ತುತ್ತೇನೆ. ನೀವು ಬಾಗಿಲು ತೆರೆಯದಿದ್ದರೆ — ಅದು ನಿಮ್ಮ ನ್ಯಾಯ.