ಅವ್ವನ ಬಿಳಿ ಸೇವಂತಿಗೆ, ಕಾಲುವೆಯ ನೀರು

ನಮ್ಮ ಸಗರದ ಕಡೆ ಕಾಲುವೆಗೆ ನೀರು ಬಂದ ಹೊಸದು ಅದು. ಆಗ ದಾರಿಯಲ್ಲಿ ಇಬ್ಬರು ಎದುರಾದರೆ ಊಟವಾಯಿತೇ ಎಂದು ಕೇಳುತ್ತಿರಲಿಲ್ಲ, ನೀರು ಬಿಟ್ಟರೇ ಎಂದು ಕೇಳುತ್ತಿದ್ದರು. ಜೋಳ, ತೊಗರಿ ಬಿಟ್ಟರೆ ಬೇರೇನೂ ಕಾಣದ ಎರೆ ಹೊಲಗಳಲ್ಲಿ ಭತ್ತದ ಹಸಿರು ಹಬ್ಬತೊಡಗಿತ್ತು.

ನಮ್ಮಪ್ಪ ಹಣಮಂತಪ್ಪ ಆ ಕಾಲುವೆಯ ಲಸ್ಕರ. ಯಾವ ಊರಿನ ಪಾಳಿ ಬಂತು, ಯಾವ ಗೇಟು ಎತ್ತಬೇಕು, ಯಾವುದು ಇಳಿಸಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಅವನು ಹೊರಟರೆ, ನನ್ನಂಥ ದೊಡ್ಡ ಮನೆತನದ ಹುಡುಗಿ ಈ ಸೀಮೆಯಲ್ಲೇ ಇಲ್ಲ ಅನಿಸುತ್ತಿತ್ತು.

ಅವ್ವ ತಿಂಥಣಿಯವಳು. ಹೊಳೆಯ ದಂಡೆಯ ಮೆತ್ತನೆಯ ಮಣ್ಣಿನಲ್ಲಿ ಬೆಳೆದವಳಿಗೆ ನಮ್ಮ ಎರೆಮಣ್ಣು ಒಗ್ಗಿರಲಿಲ್ಲ; ಮಾತೆತ್ತಿದರೆ ತವರಿನ ಹೊಳೆಯನ್ನೇ ನೆನೆಯುತ್ತಿದ್ದಳು. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರಿಯುತ್ತಿತ್ತು. ತವರಿನ ಹಿತ್ತಲಿನಿಂದ ಅವಳು ತಂದ ಸೇವಂತಿಗೆಯ ಮರಿಗಳು ಎರಡು ವರ್ಷವೂ ಒಣಗಿಹೋದವು. ಪೇಟೆಯಲ್ಲಿ ಮಾರುವ ದುಂಡನೆಯ ಹಳದಿ ಸೇವಂತಿಗೆಯಲ್ಲ ಅದು. ಹಳದಿ ನಡುವಿನ ಸುತ್ತ ಒಂದೇ ಸುತ್ತು ಬಿಳಿ ಎಸಳಿನ, ಎತ್ತರಕ್ಕೆ ಬೆಳೆಯುವ ಜಾತಿ. ಬುಡದಲ್ಲಿ ಸದಾ ತೇವ ಬೇಕು ಅದಕ್ಕೆ.

ಮೂರನೆಯ ವರ್ಷ ಏನಾಯಿತೋ, ಹಿತ್ತಲಿನ ಮಣ್ಣು ಒಣಗಲೇ ಇಲ್ಲ. ನಮ್ಮ ಕ್ವಾರ್ಟರ್ಸಿನ ಹಿಂದೆಯೇ ಒಂದು ಸಣ್ಣ ಗೇಟು, ಅದರ ಕೆಳಗೆ ಒಂದು ಕಿರುಗಾಲುವೆ ಇದ್ದವು. ಕಾಲುವೆಯ ಬಸಿನೀರು ಇತ್ತ ತಿರುಗಿದೆ ಎಂದು ಅವ್ವ ಹಿಗ್ಗಿದಳು. ನಮ್ಮ ಹಿತ್ತಲಿಗೆ ಹೊಳೆಯೇ ನಡೆದು ಬಂದಿದೆ ಎಂದು ಬಂದವರಿಗೆಲ್ಲ ಹೇಳಿದಳು. ಹೊಳೆಯ ಉಸುಕು, ಹಳೆಯ ಸಗಣಿ ಗೊಬ್ಬರ ಬೆರೆಸಿ ಮಡಿ ಮಾಡಿದಳು. ಶ್ರಾವಣದ ತನಕ ತುದಿ ಚಿವುಟಿ ಚಿವುಟಿ ಗಿಡವನ್ನು ದಟ್ಟ ಮಾಡಿದಳು. ಬಾಗತೊಡಗಿದಾಗ ತೊಗರಿ ಕಟ್ಟಿಗೆ ನೆಟ್ಟು ಕಟ್ಟಿದಳು. ಗಿಡಗಳು ನನ್ನ ತಲೆ ದಾಟಿದವು. ನಾನು, ಓಣಿಯ ಹುಡುಗಿಯರು ಅವುಗಳ ನಡುವೆ ಕೂತು ತೆಂಗಿನ ಚಿಪ್ಪಿನಿಂದ ಕಾಲುವೆ ತೋಡಿ ಆಡುತ್ತಿದ್ದೆವು. ಲಸ್ಕರ ಯಾವಾಗಲೂ ನಾನೇ. ಎಲೆ ತಿಕ್ಕಿದ ಕಹಿ ವಾಸನೆ ಬೆರಳಿಗೆ ಅಂಟಿ, ಊಟಕ್ಕೆ ಕೂತರೆ ರೊಟ್ಟಿಗೂ ಬರುತ್ತಿತ್ತು.

ದೀಪಾವಳಿಗೆ ಎಲ್ಲರ ಮನೆಯ ಹೂವು ಮುಗಿದಾಗ ನಮ್ಮದು ಮೊಗ್ಗು ಹಿಡಿಯಿತು. ಎಳ್ಳಮವಾಸ್ಯೆಯ ಹೊತ್ತಿಗೆ ಗೋಡೆಯ ಮೇಲಿಂದ ಬೆಳ್ಳಗೆ ಹೊರಗೆ ಕಾಣತೊಡಗಿತು. ಅವ್ವ ಒಂದನ್ನೂ ಮಾರಲಿಲ್ಲ. ಕೇಳಿದವರ ಸೆರಗಿಗೆಲ್ಲ ಹಾಕಿದಳು.

ಎಳ್ಳಮವಾಸ್ಯೆಯ ಬೆಳಿಗ್ಗೆ ಮನೆಯೆಲ್ಲ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಘಮ. ಹೊಲಕ್ಕೆ ಹೋಗಿ ಉಣ್ಣಲು ನಾವು ಬುತ್ತಿ ಕಟ್ಟುತ್ತಿದ್ದೆವು. ಆಗ ಸಾಬಣ್ಣ ಕಾಕಾ ಬಂದರು. ಅವರದು ಕಾಲುವೆಯ ಕಟ್ಟಕಡೆಯ ಊರು. ಪ್ರತಿ ಚಳಿಗಾಲದಲ್ಲೂ ನನಗೆಂದು ಸುಟ್ಟ ಎಳೆಜೋಳದ ಸೀತನಿ ತಂದು, ಕಟ್ಟೆಯ ಮೇಲೆ ಕೂಡಿಸಿಕೊಂಡು ತಿನ್ನಿಸುತ್ತಿದ್ದವರು. ಅಂದು ಅವರ ಜೊತೆ ಊರಿನ ನಾಲ್ಕಾರು ಜನರಿದ್ದರು. ಯಾರೂ ಕೂರಲಿಲ್ಲ. ಕಾಕಾ ಒಂದು ಹಿಡಿ ಭತ್ತದ ಸಸಿ ಕಟ್ಟೆಯ ಮೇಲಿಟ್ಟರು. ಅದು ಒಣಹುಲ್ಲಿನಂತೆ ಹಳದಿಯಾಗಿತ್ತು.

"ನಮ್ಮ ಮಡ್ಯಾಗಿನ ಸಸಿ ನೋಡಪ ಹಣಮಂತಪ್ಪ. ಪಾಳಿ ನಮ್ಮದದ, ನೀರ ಬಂದಿಲ್ಲ."

ಮೇಲಿನಿಂದಲೇ ನೀರು ಕಡಿಮೆ ಬಿಟ್ಟಿದ್ದಾರೆ ಎಂದು ಅಪ್ಪ ಏನೋ ಹೇಳಿದ. ಕಾಕಾ ಕೇಳಿಸಿಕೊಳ್ಳುತ್ತಲೇ ಗೋಡೆಯ ಮೇಲಿನ ಹೂಗಳನ್ನು ನೋಡುತ್ತಿದ್ದರು.

"ಇವಕ್ಕ ಬಂದದಲ್ಲ," ಎಂದರು.

"ಅದು ಬಸಿನೀರ್ರಿ ಕಾಕಾ," ಎಂದ ಅಪ್ಪ. ತಲೆ ಎತ್ತಲಿಲ್ಲ.

ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಅವ್ವ, ಹೌದು, ತಾನಾಗಿಯೇ ಬಸಿಯುತ್ತದೆ ಎಂದು ಸಂತೋಷದಿಂದಲೇ ಹೇಳಿದಳು. ಅವಳು ಅದನ್ನು ನಂಬಿದ್ದಳು. ಕಾಕಾ ಮಾತು ಬೆಳೆಸದೆ ಹಿತ್ತಲಿಗೆ ನಡೆದರು. ಕಿರುಗಾಲುವೆಯ ಗುಂಟ ಗೇಟಿನ ತನಕ ಹೋದರು. ಹಿಂದೆ ನಾವು, ನಮ್ಮ ಹಿಂದೆ ಓಣಿಯ ಜನ, ನನ್ನ ತರಗತಿಯ ಹುಡುಗಿಯರು. ನೋಡಲು ಗೇಟು ಇಳಿದೇ ಇತ್ತು. ಆದರೆ ಅಡಿಯಲ್ಲಿ ಮುಂಗೈ ದಪ್ಪದ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಕಾಕಾ ದೋತರ ಮೇಲೆ ಕಟ್ಟಿ ಇಳಿದು, ನೀರಿನೊಳಗೆ ತೋಳು ಹಾಕಿ, ಗೇಟು ಪೂರ್ತಿ ಇಳಿಯದಂತೆ ಅಡಿಗೆ ಸಿಕ್ಕಿಸಿದ್ದ ಕಲ್ಲೊಂದನ್ನು ಸರಿಸಿ, ಸದ್ದಾಗದಂತೆ ಅದಕ್ಕೆ ಸುತ್ತಿದ್ದ ಬಟ್ಟೆಯನ್ನು ಎಳೆದರು.

ಪಾಚಿ ಹಿಡಿದಿದ್ದರೂ ಗುರುತು ಸಿಕ್ಕಿತು. ಹಳದಿ ಅಂಚಿನ ನನ್ನ ನೀಲಿ ಪರಕಾರ. ಹಿಂದಿನ ವರ್ಷದ ತನಕ ನಾನು ಶಾಲೆಗೆ ಉಟ್ಟುಕೊಂಡು ಹೋಗುತ್ತಿದ್ದದ್ದು. ಹುಡುಗಿಯರು ಅದನ್ನು ನೋಡಿ ನನ್ನನ್ನು ನೋಡಿದರು. ಅಷ್ಟು ಜನರ ನಡುವೆ ಮೈಮೇಲೆ ಬಟ್ಟೆಯಿಲ್ಲದೆ ನಿಂತ ಹಾಗಾಯಿತು ನನಗೆ.

ಅವ್ವ ಅಪ್ಪನ ಕಡೆ ತಿರುಗಿದಳು.

"ನೀ ಹೊಳಿ ಹೊಳಿ ಅಂತಿದ್ದಿ," ಎಂದ ಅಪ್ಪ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ತನಗೇನೂ ಗೊತ್ತಿರಲಿಲ್ಲ ಎಂದು ಅವ್ವ ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಸೆರಗು ಎಳೆದುಕೊಂಡು, "ತಪ್ಪಾಗ್ಯಾದ್ರಿ ಕಾಕಾ, ನಮ್ಮಿಂದ," ಎಂದಳು. ಅಂದಿನಿಂದ ಊರಿನ ಬಾಯಲ್ಲಿ ಅದು ಅವಳ ಕಳ್ಳತನವೂ ಆಯಿತು.

ಕಾಕಾ ಬೈಯಲಿಲ್ಲ. ಪರಕಾರವನ್ನು ಹಿಂಡಿ, ಮಡಚಿ, ನನ್ನ ಕೈಗೆ ಕೊಟ್ಟರು. ಎಸೆದಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ. ಅಪ್ಪ ಹಿಡಿಕೆ ತಂದು ಗೇಟನ್ನು ಪೂರ್ತಿ ಇಳಿಸಿದ. ಅಂದು ನಾವು ಹೊಲಕ್ಕೆ ಹೋಗಲಿಲ್ಲ. ಕಟ್ಟಿದ ಬುತ್ತಿಯನ್ನು ಅವ್ವ ಬಿಚ್ಚಲೂ ಇಲ್ಲ.

ವಾರದೊಳಗೆ ಮಡಿ ಬಿರಿಯತೊಡಗಿತು. ಅರಳಬೇಕಾದ ಮೊಗ್ಗುಗಳು ಕಂದಾಗಿ ಜೋತುಬಿದ್ದವು. ಬೋರಿಂಗಿನಿಂದ ಒಂದು ಕೊಡ ನೀರು ತಂದು ಹಾಕಲೇ ಎಂದು ಅವ್ವನನ್ನು ಕೇಳಿದೆ.

"ಬ್ಯಾಡ. ಈಗ ಕುಡಿಯೋ ನೀರ ಹಾಕಿದ್ರೂ ಮಂದಿಗಿ ಕಾಲುವಿ ನೀರಂಗೇ ಕಾಣ್ತದ."

ಕಿತ್ತುಹಾಕಲೂ ಇಲ್ಲ ಅವಳು. ಒಣಗಿದ ಎತ್ತರದ ದಂಟುಗಳು ಗೋಡೆಯ ಮೇಲಿಂದ ಕಾಣುತ್ತ ಬೇಸಿಗೆಯ ತನಕ ನಿಂತಿದ್ದವು. ಶಾಲೆಗೆ ಹೋಗುವಾಗ ನಾನು ಸುತ್ತುದಾರಿ ಹಿಡಿಯುತ್ತಿದ್ದೆ. ಹೂವಿಗೆಂದು ಬರುತ್ತಿದ್ದ ಹೆಂಗಸರು ನಮ್ಮ ಬಾಗಿಲು ಮರೆತರು. ಸಾಬಣ್ಣ ಕಾಕಾ ಅರ್ಧ ಹೊಲಕ್ಕಾಗುವಷ್ಟು ಸಸಿ ಉಳಿಸಿಕೊಂಡು ನಾಟಿ ಮಾಡಿದರೆಂದು ಕೇಳಿದೆವು. ಸೀತನಿ ಹಿಡಿದು ಅವರು ಮತ್ತೆ ಬರಲಿಲ್ಲ.

ದೊಡ್ಡವಳಾದ ಮೇಲೆ ತಿಳಿಯಿತು, ಆ ಮುಂಗೈ ದಪ್ಪದ ನೀರಿನಿಂದ ಅವರ ಮಡಿ ಒಣಗಿದ್ದಲ್ಲ. ಮೇಲ್ಭಾಗದ ದೊಡ್ಡ ಹೊಲದವರು ಕಾಲುವೆಗೇ ಮೋಟಾರು ಇಳಿಸಿ ನೀರೆತ್ತುತ್ತಿದ್ದರು. ಅಪ್ಪನಿಗೆ ಅದು ಗೊತ್ತಿತ್ತು. ಹಿಂದೆಲ್ಲ ಅವರೊಡನೆ ಜಗಳ ತೆಗೆದು ಮೋಟಾರು ಮೇಲೆತ್ತಿಸುತ್ತಿದ್ದವನು ಅವನೇ. ಆ ಅಮವಾಸ್ಯೆಯ ನಂತರ ಅವರನ್ನು ಕೇಳುವ ಬಾಯಿ ಅವನಿಗೆ ಉಳಿಯಲಿಲ್ಲ. ಹೆಂಡತಿಯ ಹೂವಿನ ಮಡಿಗೆ ನೀರು ತಿರುಗಿಸಿದವನು ನಮಗೇನು ಹೇಳುತ್ತಾನೆ ಎಂದು ಅವರು ನಗುತ್ತಿದ್ದರಂತೆ. ಕೊನೆಯ ಊರುಗಳಿಗೆ ನೀರು ಆಮೇಲೆ ಇನ್ನೂ ಕಡಿಮೆಯಾಯಿತು.

ಈಗ ಆ ಕಾಲುವೆಗೆ ಸಿಮೆಂಟು ಹಾಕಿದ್ದಾರೆ. ಸಾಲುಸಾಲು ಪೈಪು ಹಾಡಹಗಲೇ ನೀರು ಕುಡಿಯುತ್ತವೆ. ಯಾರೂ ಒಣಗಿದ ಸಸಿ ತಂದು ಯಾರ ಕಟ್ಟೆಯ ಮೇಲೂ ಇಡುವುದಿಲ್ಲ. ಇಟ್ಟರೆ ತಲೆ ತಗ್ಗಿಸುವವರು ಇದ್ದಾರೋ ಇಲ್ಲವೋ, ನಾನರಿಯೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವ್ವ ಯಾದಗಿರಿಯಲ್ಲಿ ನನ್ನ ಜೊತೆ ಇದ್ದಾಳೆ. ಆ ದಿನದ ಮಾತು ನಮ್ಮ ನಡುವೆ ಒಮ್ಮೆಯೂ ಬಂದಿಲ್ಲ.

ನಾನು ಕಳೆದುಕೊಂಡದ್ದನ್ನು ಮಾತ್ರ ಹೇಳಬಲ್ಲೆ. ಸಂಜೆ ದೂರದಲ್ಲಿ ಅಪ್ಪನ ಸೈಕಲ್ಲು ಕಂಡರೆ ಸಾಕು, ಕಾಲುವೆಯ ಏರಿಯ ಮೇಲೆ ಬರಿಗಾಲಲ್ಲಿ ಓಡಿಹೋಗಿ ಅವನನ್ನು ಎದುರುಗೊಳ್ಳುತ್ತಿದ್ದೆ. ಎಳ್ಳಮವಾಸ್ಯೆಯ ಮರುದಿನ ಸಂಜೆಯೂ ಸೈಕಲ್ಲು ಕಾಣಿಸಿತು. ನಾನು ಬಾಗಿಲಲ್ಲೇ ನಿಂತೆ. ಏರಿಯ ನಡುವೆ, ನಾನು ದಿನವೂ ಸಿಗುತ್ತಿದ್ದ ಜಾಗದಲ್ಲಿ, ಅಪ್ಪ ಸೈಕಲ್ಲಿನಿಂದ ಇಳಿದ. ಸ್ವಲ್ಪ ಹೊತ್ತು ಮನೆಯ ಕಡೆ ನೋಡಿದ. ಆಮೇಲೆ ಹತ್ತಲಿಲ್ಲ, ತಳ್ಳಿಕೊಂಡೇ ಬಂದ.