ಮಾಮಾ ಬಿಡಿಸಿದ ಒಂಟೆ

ಶಾಲೆಯ ಸಮಾರಂಭದ ಪರದೆಗೆಂದು ಮೊನ್ನೆ ಇಚಲಕರಂಜಿಯಿಂದ ಒಂದು ತಾಕಾ, ಅಂದರೆ ಇಡೀ ಒಂದು ಸುರುಳಿ, ಬಿಳುಪು ಮಾಡದ ಕೋರಾ ಬಟ್ಟೆ ತರಿಸಿದ್ದರು. ಗಡಹಿಂಗ್ಲಜದಲ್ಲಿ ನಾನು ಕಲಿಸುವ ಶಾಲೆಯ ಚಿತ್ರಕಲೆ ಕೋಣೆಯಲ್ಲಿ ಅದರ ಕಟ್ಟು ಬಿಚ್ಚಿದಾಗ ಗಂಜಿಯ ವಾಸನೆ ಮುಖಕ್ಕೆ ಬಡಿಯಿತು. ತುಸು ಹುಳಿ, ತುಸು ಎಣ್ಣೆ... ಮಗ್ಗದಿಂದ ಆಗಷ್ಟೇ ಇಳಿದ ಬಟ್ಟೆಗೆ ಮಾತ್ರ ಇರುವ ವಾಸನೆ. ನಾನು ಹಾಗೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ನಮ್ಮ ಚಾಳಿನ ಮಾಮಾ ಕೆಲಸದಿಂದ ಮರಳಿ ಬರುವಾಗ ಅವರ ಅಂಗಿಯಿಂದ ಇದೇ ವಾಸನೆ ಬರುತ್ತಿತ್ತು.

ಮಾಮಾ ನಮಗೆ ರಕ್ತಸಂಬಂಧಿಯೇನೂ ಅಲ್ಲ. ಸಾಲುಮನೆಗಳ ಆ ಚಾಳಿನಲ್ಲಿ ಪಕ್ಕದ ಮನೆಯವರು. ನಮ್ಮಪ್ಪನೂ ಅವರೂ ರಬಕವಿ ಕಡೆಯಿಂದ ಇಚಲಕರಂಜಿಗೆ ಕೆಲಸ ಹುಡುಕಿಕೊಂಡು ಬಂದವರು. ಅಪ್ಪ ಮಗ್ಗ ಓಡಿಸುತ್ತಿದ್ದ. ಮಾಮಾ ಬಟ್ಟೆ ತಪಾಸಣೆ ಮಾಡುತ್ತಿದ್ದರು. ಇಳಿಜಾರಾದ ಮೇಜಿನ ಮೇಲೆ ಬಟ್ಟೆ ಎಳೆಯುತ್ತ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಎಣ್ಣೆ ಬಿದ್ದಿದೆ ಎಂದು ನೋಡುವ ಕೆಲಸ. ವರ್ಷಗಟ್ಟಲೆ ಬಾಗಿ ಬಾಗಿ ಅವರ ಬೆನ್ನು ಗೂನಾಗಿಬಿಟ್ಟಿತ್ತು. ಕುತ್ತಿಗೆ ಮುಂದಕ್ಕೆ ಚಾಚಿಯೇ ಇರುತ್ತಿತ್ತು. ಮಾತು ಕಡಿಮೆ. ಮಂದಿ ಬೈಯುವಷ್ಟು ಕಟ್ಟುನಿಟ್ಟಿನ ಮನುಷ್ಯ ಎಂದು ಅಪ್ಪ ಹೇಳುತ್ತಿದ್ದ.

ಅವರು ಕೆಲಸ ಬಿಟ್ಟ ವರ್ಷವೇ ಅವರ ಹೆಂಡತಿಗೆ ಲಕ್ವಾ ಹೊಡೆಯಿತು. ನಾವು ಅತ್ತಿ ಎಂದು ಕರೆಯುತ್ತಿದ್ದ ಆ ಹೆಂಗಸು ಚಾಳಿಗೆಲ್ಲ ಕೇಳುವಂತೆ ನಗುತ್ತಿದ್ದವಳು. ಬಲಗೈ, ಬಲಗಾಲು, ಮಾತು, ಎಲ್ಲ ಒಂದೇ ಬೆಳಿಗ್ಗೆ ಹೋದವು. ಮಗಳು ಯಡ್ರಾವದಲ್ಲಿ ಗಂಡನ ಮನೆಯಲ್ಲಿದ್ದಳು, ವಾರಕ್ಕೊಮ್ಮೆ ಬರುತ್ತಿದ್ದಳು. ಉಳಿದ ದಿನ ಹೆಂಡತಿಗೆ ಉಣ್ಣಿಸುವುದು, ತೊಳೆಯುವುದು, ಹೊರಳಿಸಿ ಮಲಗಿಸುವುದು ಎಲ್ಲ ಮಾಮಾನ ಪಾಲಿಗೆ ಬಂತು.

ಒಂದು ಮಧ್ಯಾಹ್ನ ಟೀವಿ ಹಚ್ಚಿಟ್ಟು ಅವರು ಗಂಜಿ ಕಾಯಿಸಲು ಒಳಗೆ ಹೋಗಿದ್ದರಂತೆ. ಕಾರ್ಟೂನು ನಡೆದಿತ್ತು. ಒಂದು ಒಂಟೆ ಸೈಕಲ್ ಹೊಡೆಯುತ್ತ ಮನೆಮನೆಗೆ ಟಪಾಲು ಹಂಚುತ್ತದೆ. ಪ್ರತಿ ತಿರುವಿನಲ್ಲೂ ತಿರುಗುವುದನ್ನು ಮರೆತು ಯಾರದೋ ಅಂಗಳಕ್ಕೆ ನುಗ್ಗುತ್ತದೆ. ಅಷ್ಟೇ ಕತೆ. ಒಳಗಿದ್ದ ಮಾಮಾಗೆ ನಗು ಕೇಳಿಸಿತು. ನಾಲ್ಕು ತಿಂಗಳ ಮೇಲೆ ಕೇಳಿದ ನಗು. ಓಡಿ ಬಂದು ನೋಡಿದರೆ ಅತ್ತಿ ಸೊಟ್ಟಗಾದ ಬಾಯಲ್ಲೇ ಒಂಟೆಯನ್ನು ನೋಡಿ ನಗುತ್ತಿದ್ದಳು.

ಅಂದಿನಿಂದ ಆ ಒಂಟೆ ಮಾಮಾಗೂ ಹುಚ್ಚು ಹಿಡಿಸಿತು. ನಾಲ್ಕು ಗಂಟೆಗೆ ಇಬ್ಬರೂ ಟೀವಿ ಮುಂದೆ. ಆದರೆ ಆ ಅರ್ಧ ಗಂಟೆ ಮುಗಿದ ಮೇಲೆ ಅತ್ತಿ ಮತ್ತೆ ಗೋಡೆ ಕಡೆ ಮುಖ ಮಾಡುತ್ತಿದ್ದಳು. ಕರೆಂಟು ಹೋದ ದಿನವಂತೂ ಕೇಳುವುದೇ ಬೇಡ. ಆಗ ಮಾಮಾ, ಮಗಳು ಬಿಟ್ಟುಹೋಗಿದ್ದ ಹಳೆಯ ನೋಟುಬುಕ್ಕು ತೆಗೆದು, ಪೆನ್ಸಿಲ್ಲಿನಿಂದ ಒಂಟೆ ಬಿಡಿಸತೊಡಗಿದರು. ಅರವತ್ತು ದಾಟಿದ ಮೇಲೆ, ಜೀವನದಲ್ಲಿ ಮೊದಲ ಸಲ.

ನಾನು ಆಗ ಕೊಲ್ಹಾಪುರದಲ್ಲಿ ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಬಂದು ಫ್ಲೆಕ್ಸ್ ಬೋರ್ಡಿನ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಹುಟ್ಟುಹಬ್ಬದ ಶುಭಾಶಯ, ಅಂಗಡಿ ಉದ್ಘಾಟನೆ, ಶ್ರದ್ಧಾಂಜಲಿ. ಸಂಜೆ ಮನೆಗೆ ಬಂದರೆ ಯಾರ ಮುಖವನ್ನೂ ನೋಡುವುದು ಬೇಡವೆನ್ನಿಸುತ್ತಿತ್ತು. ಅಂಥ ಒಂದು ಸಂಜೆ ಮಾಮಾ ನೋಟುಬುಕ್ಕು ಹಿಡಿದು ಬಾಗಿಲಿಗೆ ಬಂದರು.

"ಯವ್ವಾ, ನೀ ಚಿತ್ರದ ಸಾಲಿ ಕಲತಾಕಿ. ಇದನ್ನೊಂದೀಟ ನೋಡು."

ನೋಡಿದೆ. "ಚಂದ ಐತ್ರಿ ಮಾಮಾ" ಎಂದೆ.

ಅವರ ಮುಖ ಗಂಟಿಕ್ಕಿತು. "ಚಂದ ಅನ್ನಾಕ ನೀ ಯಾಕ ಬೇಕ? ತಾಕಾ ಹಂಗ ನೋಡಿ ಚಂದ ಐತಿ ಅಂತ ಬರದಿದ್ರ ನನ್ನ ಕೆಲಸದಾಗ ಇಟಗೊಂತಿದ್ರೇನ? ಐಬ ಎಲ್ಲೈತಿ, ಅದನ್ನ ಹೇಳು. ಟೀವ್ಯಾಗಿನ ಒಂಟಿ ನೋಡಿದ್ರ ಅಕಿ ನಗತಾಳ. ನಂದ ನೋಡಿದ್ರ ನಗವಲ್ಲಳು."

ದಣಿವೋ, ಓದಿದವಳೆಂಬ ಸೊಕ್ಕೋ... ಹೇಳಿಬಿಟ್ಟೆ. ಗಾಲಿಗಳು ದುಂಡಗಿಲ್ಲ, ಒಂದು ಸಣ್ಣದು ಒಂದು ದೊಡ್ಡದು. ಕಾಲು ಪೆಡಲಿಗೆ ಮುಟ್ಟಿಲ್ಲ. ಕಣ್ಣು ಮೇಲಾಯಿತು. ಡುಬ್ಬ ಬೆನ್ನ ನಡುವೆ ಇರಬೇಕು, ನೀವು ಕುತ್ತಿಗೆ ಬುಡಕ್ಕೆ ತಂದಿಟ್ಟಿದ್ದೀರಿ. ಕುತ್ತಿಗೆ ಜೋತುಬಿದ್ದಿದೆ. ಗೆರೆ ನಡುಗಿದೆ. ಬೆರಳು ಮಡಚುತ್ತ ಹೇಳಿದೆ. ಅವರು ಒಂದೊಂದನ್ನೂ ಬೆರಳಿಟ್ಟು ನೋಡಿಕೊಂಡರು. ಕೊನೆಗೆ "ಬರೋಬ್ಬರಿ" ಎಂದು ನೋಟುಬುಕ್ಕು ಮುಚ್ಚಿಕೊಂಡು ಹೋದರು.

ವಾರವಾದರೂ ಬರಲಿಲ್ಲ. ಅವ್ವ ಕೊಟ್ಟ ಝುಣಕ ಕೊಡುವ ನೆಪದಲ್ಲಿ ನಾನೇ ಹೋದೆ. ಅತ್ತಿ ಗೋಡೆ ಕಡೆ ತಿರುಗಿ ಮಲಗಿದ್ದಳು. ನೋಟುಬುಕ್ಕಿನ ಹಾಳೆ ಉಜ್ಜಿ ಉಜ್ಜಿ ತೂತು ಬಿದ್ದಿತ್ತು. ತಟ್ಟೆಯಿಟ್ಟು ಗೆರೆ ಎಳೆದ ಗಾಲಿಗಳು ದುಂಡಗಿದ್ದವು. ಡುಬ್ಬ ನಡುವಿಗೆ ಬಂದಿತ್ತು. ಕುತ್ತಿಗೆ ಕಂಬದಂತೆ ನಿಂತಿತ್ತು. ನಾನು ಹೇಳಿದ್ದೆಲ್ಲ ಸರಿಯಾಗಿತ್ತು, ಆದರೆ ಒಂಟೆಯಲ್ಲಿ ಜೀವವಿರಲಿಲ್ಲ. ನನಗೆ ನಾಚಿಕೆಯಾಯಿತು.

ಮಾಮಾ ಸಿಟ್ಟಾಗಲಿಲ್ಲ. ನನ್ನನ್ನು ಕೂರಿಸಿ ನಿಧಾನವಾಗಿ ಹೇಳಿದರು. "ನೋಡವಾ, ಒಂದ ತಾಕಾದಾಗ ಹತ್ತ ಐಬ ಇರತಾವ. ಹತ್ತೂ ಒಮ್ಮೆ ಹೇಳಿದ್ರ ನೇಕಾರ ಮಗ್ಗ ಬಂದ್ ಮಾಡಿ ಮನಿಗಿ ಹೋಗತಾನ. ನಾ ಅವನ ಕಡೆ ಹೋಗಿ, ಮೊದಲ ಈ ಅಂಚ ಭಾಳ ಛಲೋ ಬಂದೈತಿ, ಇದನ್ನ ಕೆಡಸಬ್ಯಾಡ ಅಂತಿದ್ದೆ. ಆಮ್ಯಾಲ ಬಟ್ಟಿ ಮ್ಯಾಲ ಬೆರಳ ಇಟ್ಟ, ಇಲ್ಲಿ ಈ ಎಳಿ ನೋಡಪಾ, ಅಂತಿದ್ದೆ. ಒಂದ. ಮುಂದಿನ ವಾರ ಇನ್ನೊಂದ."

"ನಿಮಗ ಮಂದಿ ಬೈತಿದ್ರು ಅಂತಾನಲ್ರಿ ಅಪ್ಪ?"

"ಬೈತಿದ್ರು. ಆದ್ರ ಮಗ್ಗ ಬಿಟ್ಟ ಹೋಗಲಿಲ್ಲ."

ಕೊಲ್ಹಾಪುರದ ಕಾಲೇಜಿನಲ್ಲಿ ಯಾರೂ ನನಗೆ ಇದನ್ನು ಕಲಿಸಿರಲಿಲ್ಲ. ಅಲ್ಲಿ ನಮ್ಮ ಹಾಳೆಗಳ ಮೇಲೆ ಕೆಂಪು ಗೆರೆ ಎಳೆದು ಬಿಸಾಡುತ್ತಿದ್ದರು.

ಅಂದಿನಿಂದ ಭಾನುವಾರಕ್ಕೊಮ್ಮೆ ಕೂರತೊಡಗಿದೆವು. ವಾರಕ್ಕೆ ಒಂದೇ ಐಬು. ಹೇಳುವ ಮೊದಲು ನಾನೂ ಟೀವಿ ಮುಂದೆ ಕುಳಿತು ಒಂಟೆಯನ್ನು ನೋಡಿದೆ. ಅದು ಸೀಟಿನ ಮೇಲೆ ಕೂರುವುದೇ ಇಲ್ಲ; ಪೆಡಲಿನ ಮೇಲೆ ನಿಂತು, ಇಡೀ ಭಾರವನ್ನು ಒಂದೇ ಕಾಲಿಗೆ ಹಾಕಿ, ಈಗ ಬಿದ್ದೆ ಆಗ ಬಿದ್ದೆ ಎಂಬಂತೆ ಹೋಗುತ್ತದೆ. "ಮಾಮಾ, ನಿಮ್ಮ ಒಂಟಿ ಬೀಳೂದಿಲ್ಲ ಅಂತ ಗಟ್ಟ್ಯಾಗಿ ಕುಂತೈತಿ. ಅದಕ್ಕ ನಗು ಬರವಲ್ದು" ಎಂದೆ. ಅವರು ಎದ್ದು, ಹೊರಗೆ ಒರಗಿಸಿಟ್ಟಿದ್ದ ಸೈಕಲ್ಲಿನ ಪೆಡಲಿನ ಮೇಲೆ ತಾವೇ ನಿಂತು ನೋಡಿದರು. ಆ ವಯಸ್ಸಿನಲ್ಲಿ! ನಾನು ಹೆದರಿ ಹ್ಯಾಂಡಲ್ ಹಿಡಿದುಕೊಂಡೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂಟೆ ಸೈಕಲ್ ಮೇಲೆ ವಾಲತೊಡಗಿತು. ಆದರೆ ಡುಬ್ಬ ಮತ್ತೆ ಕುತ್ತಿಗೆ ಬುಡಕ್ಕೇ ಬಂದಿತ್ತು, ಕುತ್ತಿಗೆ ಮತ್ತೆ ಜೋತಿತ್ತು. ಕೈ ತನಗೆ ತಿಳಿದ ದಾರಿಯನ್ನೇ ಹಿಡಿದಿತ್ತು. ಆ ವಾರ ಅದನ್ನೇ ಹೇಳಬೇಕೆಂದು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಮಾಮಾ ಹಾಳೆಯನ್ನು ಅತ್ತಿಯ ಮುಂದೆ ಹಿಡಿದರು. ಅವಳು ನೋಡಿದಳು. ಎಡಗೈ ಎತ್ತಿ ಒಂಟೆಯ ಡುಬ್ಬ ಮುಟ್ಟಿದಳು. ಅದೇ ಬೆರಳನ್ನು ಮಾಮಾನ ಬೆನ್ನಿನ ಕಡೆ ತೋರಿಸಿದಳು. ಆಮೇಲೆ ನಕ್ಕಳು... ಜೊಲ್ಲು ಸುರಿದು ದಿಂಬು ತೊಯ್ಯುವವರೆಗೆ ನಕ್ಕಳು.

ಮಾಮಾ ಹಾಳೆಯನ್ನು ತಮ್ಮ ಕಡೆ ತಿರುಗಿಸಿ ನೋಡಿದರು. "ಅಯ್ಯ, ಇದು ನಾನಽ?" ಎಂದರು. ನನ್ನ ಕಡೆ ತಿರುಗಿ, "ಇದರಾಗ ಐಬ ಏನೈತಿ?" ಎಂದು ಕೇಳಿದರು.

"ಡುಬ್ಬ ಮುಟ್ಟಬ್ಯಾಡ್ರಿ ಮಾಮಾ. ಜಲ್ಮದಾಗ ಮುಟ್ಟಬ್ಯಾಡ್ರಿ" ಎಂದೆ.

ಮರುವರ್ಷ ನನಗೆ ಗಡಹಿಂಗ್ಲಜದಲ್ಲಿ ಕೆಲಸ ಸಿಕ್ಕಿತು. ಮಾಮಾ ಫೋನಿನಲ್ಲಿ ಚಿತ್ರ ಕಳಿಸುವುದು ಕಲಿತಿದ್ದರು. ಪ್ರತಿ ಭಾನುವಾರ ಒಂದು ಒಂಟೆ ಬರುತ್ತಿತ್ತು. ಮೊದಮೊದಲು ನೋಡಿ, ಯೋಚಿಸಿ, ಫೋನ್ ಮಾಡಿ ಹೇಳುತ್ತಿದ್ದೆ. ಆಮೇಲೆ ಶಾಲೆ, ಪರೀಕ್ಷೆ, ಮದುವೆ, ಮಗು, ಗಂಡನ ತಾಯಿಯ ಕಾಯಿಲೆ. ಫೋನ್ ಮಾಡುವುದು ನಿಂತು ನಾಲ್ಕು ಅಕ್ಷರಕ್ಕೆ ಇಳಿಯಿತು. ಅದೂ ಹೋಗಿ ಫೋನಿನಲ್ಲಿರುವ, ಮೇಲೆತ್ತಿದ ಹೆಬ್ಬೆರಳಿನ ಗುರುತೊಂದು ಉಳಿಯಿತು.

ಅತ್ತಿ ತೀರಿಕೊಂಡಾಗ ಹೋಗಿ ಬಂದೆ. ಮಾಮಾ ಅಳಲಿಲ್ಲ; ಮಗಳು ಅವರನ್ನು ಯಡ್ರಾವಕ್ಕೆ ಕರೆದುಕೊಂಡು ಹೋದಳು. ಇನ್ನು ಒಂಟೆ ಬರಲಾರದು ಎಂದುಕೊಂಡಿದ್ದೆ. ತಿಂಗಳು ಕಳೆದ ಮೇಲೆ ಒಂದು ಬಂತು. ಅದರ ಕೆಳಗೆ ಅವರ ದನಿಯನ್ನೂ ಕಳಿಸಿದ್ದರು. "ಯವ್ವಾ, ಇದರಾಗ ಒಂದ ಐಬ ಐತಿ. ನನಗ ಸಿಗವಲ್ದು. ಪುರಸೊತ್ತ ಮಾಡಿಕೊಂಡ ನೋಡಿ ಹೇಳು."

ನನ್ನ ಮುಂದೆ ತಿದ್ದಬೇಕಾದ ಹಾಳೆಗಳ ರಾಶಿಯಿತ್ತು. ಚಿತ್ರವನ್ನು ದೊಡ್ಡದು ಮಾಡಿ ಕೂಡ ನೋಡಲಿಲ್ಲ. "ಭಾಳ ಚಂದ ಐತ್ರಿ ಮಾಮಾ" ಎಂದು ಬರೆದು ಹೆಬ್ಬೆರಳು ಕಳಿಸಿದೆ. ಅವರು ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ. ಮುಂದಿನ ಭಾನುವಾರ ಒಂಟೆಯೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಒಂದು ಕೆಲಸ ಕಡಿಮೆಯಾಯಿತು ಎಂದು ನನಗೆ ಹಗುರವೇ ಆಯಿತು.

ಅವರು ಹೋದ ಸುದ್ದಿ ತಲುಪಿದ್ದು ದಿನಕರ್ಮವೆಲ್ಲ ಮುಗಿದ ಮೇಲೆ. ರಜೆ ನೋಡಿ ಯಡ್ರಾವಕ್ಕೆ ಹೋದೆ. ಸುತ್ತಲಿನ ಮಗ್ಗಗಳ ಸದ್ದಿನಲ್ಲಿ ಅವರ ಮಗಳು ದನಿ ಎತ್ತರಿಸಿ ಮಾತಾಡುತ್ತ, ನೋಟುಬುಕ್ಕುಗಳನ್ನು ತಂದು ನನ್ನ ಮುಂದಿಟ್ಟಳು. ಕೊನೆಯ ಹಾಳೆ ಅದೇ ಚಿತ್ರ. ಅದಾದ ಮೇಲಿನ ಹಾಳೆಗಳೆಲ್ಲ ಖಾಲಿ.

"ಇದನ್ನ ನಿಮಗ ಕಳಸಿದ್ನಂತ ಹೇಳತಿದ್ದ ಅಪ್ಪ. ಇದರಾಗ ಏನ್ ತಪ್ಪೈತ್ರಿ ಅಕ್ಕಾರ? ನನಗಂತೂ ತಿಳಿಲಿಲ್ಲ."

ಈ ಸಲ ನೋಡಿದೆ. ಗಾಲಿ ಸರಿ, ಪೆಡಲು ಸರಿ, ಡುಬ್ಬ ಅವರದೇ. ಒಂಟೆ ಸೈಕಲ್ ಹೊಡೆಯುತ್ತ ಕುತ್ತಿಗೆ ಪೂರ್ತಿ ಹಿಂದಕ್ಕೆ ತಿರುಗಿಸಿತ್ತು, ಯಾರೋ ಕರೆದಂತೆ. ಅದು ನೋಡುತ್ತಿದ್ದ ಕಡೆ ಹಾಳೆಯಲ್ಲಿ ಏನೂ ಇರಲಿಲ್ಲ.

"ಹಿಂದ ತಿರುಗಿ ನೋಡಾಕತ್ತೈತಿ" ಎಂದೆ. "ಅದು ಏನ್ ನೋಡಾಕತ್ತೈತಿ ಅನ್ನೂದನ್ನ ಬಿಡಿಸಿಲ್ಲ. ಅಷ್ಟ. ಅದೊಂದ."

ಅವಳು ಹಾಳೆಯ ಆ ಖಾಲಿ ಜಾಗವನ್ನು ಬೆರಳಿನಿಂದ ಸವರಿದಳು. "ಅಪ್ಪಗ ಹೇಳಬೇಕಿತ್ರಿ" ಎಂದಳು. ಸಿಟ್ಟಿನಿಂದಲ್ಲ. "ಹೇಳಿದ್ರ ಬಿಡಸತಿದ್ದ."

ಇದೆಲ್ಲ ಆಗಿ ಎರಡು ವರ್ಷವಾಗುತ್ತ ಬಂತು. ಇವತ್ತೂ ಮೇಜಿನ ಮೇಲೆ ಐದನೇ ಇಯತ್ತೆಯ ಚಿತ್ರಗಳ ರಾಶಿ ಇದೆ. ಕಣ್ಣು ಉರಿಯುತ್ತಿದೆ, ಬೆನ್ನು ನೋಯುತ್ತಿದೆ. ಎಲ್ಲವನ್ನೂ ಆ ರೀತಿ ನೋಡಲು ಆಗುವುದಿಲ್ಲ, ನೋಡುತ್ತೇನೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವಕ್ಕೆ 'ಚಂದ ಇದೆ' ಎಂದು ಬರೆದು ಮುಂದೆ ಸರಿಸುತ್ತೇನೆ. ಪ್ರತಿ ಸಲವೂ ಕೈ ಒಂದು ಗಳಿಗೆ ತಡೆಯುತ್ತದೆ... ಆಮೇಲೆ ಬರೆಯುತ್ತದೆ.